ಹದಿನಾರು ಗ್ರಾಮಿನ ಗೆರೆ

ಕರೆಂಟು ಹೋಗಬಹುದಿತ್ತು. ಹೋದಾಗ ಜನರೇಟರ್ ಹತ್ತಿಕೊಳ್ಳದೆ ಇರಬಹುದಿತ್ತು. ಹತ್ತಿಕೊಂಡರೂ ಇಲಿಮನೆಗೆ ಗಾಳಿ ತಳ್ಳುವ ಮೋಟಾರೊಂದು ಮಾತ್ರ ಮುನಿಸಿಕೊಂಡು ಕೂತಿರಬಹುದಿತ್ತು. ಗೆಡ್ಡೆಯ ಜೀವಕೋಶಗಳನ್ನು ಐಸಿನ ಡಬ್ಬಿಯಲ್ಲಿ ಹೊತ್ತು ತರುವ ಕಾರು ದೇವನಹಳ್ಳಿ ಹತ್ತಿರ, ಯಾರೋ ದೊಡ್ಡವರ ವಿಮಾನ ಇಳಿಯುತ್ತದೆಂದು ತಡೆದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಐಸು ಕರಗಿ, ಕೋಶಗಳು ಸಾಯಬಹುದಿತ್ತು. ನಾನು ಇಲಿಯ ತಲೆಬುರುಡೆಯ ಸಣ್ಣ ತೂತಿಗೆ ಸೂಜಿ ಇಳಿಸುವ ಹೊತ್ತಿಗೇ ಆಚೆ ಕ್ವಾರಿಯವರು ಬಂಡೆ ಸಿಡಿಸಿ ಮೇಜು ಅದುರಬಹುದಿತ್ತು. ಗೆಡ್ಡೆ ಬೇರೂರದೆ ಇರಬಹುದಿತ್ತು. ಇಲ್ಲವೇ ಬೇರೂರಿ, ಔಷಧಿ ಶುರುವಾಗುವ ಮುಂಚೆಯೇ ಎಲ್ಲ ಇಲಿಗಳನ್ನೂ ಮುಗಿಸಿಬಿಡಬಹುದಿತ್ತು. ಬಾಟಲಿಗಳ ನಂಬರು ಅದಲುಬದಲಾಗಬಹುದಿತ್ತು. ಹೊಟ್ಟೆಗೆ ಇಳಿಯಬೇಕಾದ ನಳಿಗೆ ಶ್ವಾಸಕೋಶಕ್ಕೆ ಇಳಿಯಬಹುದಿತ್ತು. ಯಾರಾದರೂ ನೆಗಡಿ ಮುಚ್ಚಿಟ್ಟುಕೊಂಡು ಒಳಗೆ ಬಂದಿರಬಹುದಿತ್ತು. ಈ ಇಲಿಗಳಿಗೆ ರೋಗ ತಡೆಯುವ ಶಕ್ತಿಯೇ ಇಲ್ಲ, ಒಂದು ಸೀನು ಸಾಕು. ಚರಂಡಿ ಪೈಪಿನಿಂದ ಕೇರೆಹಾವು ಬರಬಹುದಿತ್ತು. ಕೇರೆಹಾವಿನ ಮಟ್ಟಿಗೆ ನಮ್ಮ ಇಲಿಮನೆ ಮದುವೆಮನೆಯೇ ಸೈ.

ಇವನ್ನೆಲ್ಲ ನಾನು ಡೈರಿಯ ಹಿಂಬದಿ ಪುಟಗಳಲ್ಲಿ ಬರೆದುಕೊಂಡಿದ್ದೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ನೆಲಮಂಗಲದಲ್ಲಿ ಬಸ್ಸಿಳಿದು ವಾಪಸ್ ಬಂದವಳು ನಾನು, ಆಫ್ ಆಗಿತ್ತು. ಮನೆಯವರು ಆ ಕತೆಯನ್ನು ಇವತ್ತಿಗೂ ಬಂದವರ ಮುಂದೆ ಹೇಳುತ್ತಾರೆ. ಹೇಳಿಕೊಳ್ಳಲಿ. ನನ್ನ ಪಟ್ಟಿಯಲ್ಲಿದ್ದ ಒಂದೂ ಆಗಲಿಲ್ಲವೆಂದರೆ, ಪಟ್ಟಿ ಮಾಡಿದ್ದಕ್ಕೇ ಆಗಲಿಲ್ಲ ಎಂದು ನಾನು ನಂಬಿದ್ದೇನೆ.

ನಾನು ಪಶುವೈದ್ಯೆ. ಹುಟ್ಟಿದ್ದು ಅನುಗೊಂಡನಹಳ್ಳಿ ಕಡೆ, ಎಮ್ಮೆ ಹಸುಗಳ ಮಧ್ಯೆ. ಓದಿದ್ದೂ ಅವುಗಳಿಗಾಗಿಯೇ. ಈಗ ನಲವತ್ತೇಳನೇ ವಯಸ್ಸಿನಲ್ಲಿ ದೊಡ್ಡಬಳ್ಳಾಪುರದಾಚೆಯ ಒಂದು ಸಂಶೋಧನಾ ಕೇಂದ್ರದಲ್ಲಿ, ಅಂಗೈಯಲ್ಲಿ ಹಿಡಿಸುವ ಪ್ರಾಣಿಗಳಿಗೆ ಡಾಕ್ಟರು. ಹಸು ಒದ್ದರೆ ಪಕ್ಕೆಲುಬು ಮುರಿಯುತ್ತದೆ, ಅಷ್ಟೇ. ಇಲಿ ಒದೆಯುವುದಿಲ್ಲ. ನಿದ್ದೆ ಕೆಡಿಸುತ್ತದೆ.

ನಮ್ಮಲ್ಲಿ ಪರೀಕ್ಷೆಗಿದ್ದದ್ದು ಮಿದುಳಿನ ಗೆಡ್ಡೆಗೆ ಗುರಿಯಿಟ್ಟು ಹೊಡೆಯುವ ಔಷಧಿ. ಅದನ್ನು ಕಟ್ಟಿದವಳು ನನ್ನ ಗೆಳತಿ, ಪಕ್ಕದ ಕಟ್ಟಡದ ಕೆಮಿಸ್ಟು. ನನ್ನದೇ ವಯಸ್ಸು, ನನ್ನ ಅರ್ಧದಷ್ಟು ಭಯ. ಶುರುವಿನಲ್ಲಿ ಅವಳು ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತಾ ನನಗೆ ಅರ್ಥಮಾಡಿಸಿದ್ದು ಹೀಗೆ: "ಆ ಗೆಡ್ಡೆ ಕೋಶದೊಳಗೆ ಒಂದೇ ಒಂದು ಪ್ರೋಟೀನು ಕಣೇ, 'ಬೆಳಿ, ಬೆಳಿ' ಅಂತ ಹೊತ್ತು ಗೊತ್ತಿಲ್ಲದೆ ಕೂಗ್ತಾನೇ ಇರುತ್ತೆ. ಅದರ ಬಾಯಿಗೆ ಒಂದು ಕಡುಬು ತುರುಕಿ ಮುಚ್ಚಿಸೋದು ನನ್ನ ಕೆಲಸ."

"ಕಡುಬು ಅಲ್ಲೀತನಕ ಹೋಗ್ಬೇಕಲ್ಲ."

"ಅದೇ ನೋಡು ಹಣೇಬರಹ. ರಕ್ತದಲ್ಲಿರೋದನ್ನೆಲ್ಲ ಮಿದುಳು ಒಳಗೆ ಬಿಟ್ಕೊಳಲ್ಲ. ಬಾಗಿಲಲ್ಲೇ ನಿಲ್ಲಿಸಿ ಕಳಿಸ್ಬಿಡುತ್ತೆ."

ಒಂಬತ್ತು ವರ್ಷದಲ್ಲಿ ಅವಳು ಕಟ್ಟಿದ ಮೊದಲನೆಯದು ಬಾಗಿಲಲ್ಲೇ ನಿಂತಿತು. ಎರಡನೆಯದು ಒಳಗೇನೋ ಹೋಯಿತು, ಆದರೆ ಗೆಡ್ಡೆಗಿಂತ ಮುಂಚೆ ಇಲಿಗಳನ್ನೇ ಕಾಯಿಲೆಗೆ ಕೆಡವಿತು. ಇದು ಮೂರನೆಯದು. ಇದೂ ಸೋತರೆ ಮಿದುಳಿನ ಕೆಲಸವನ್ನೇ ಮುಚ್ಚಿ, ಅವಳನ್ನು ಚರ್ಮದ ಮುಲಾಮಿನ ವಿಭಾಗಕ್ಕೆ ಹಾಕುವುದಾಗಿ ಮೇಲಿನವರು ಹೇಳಿಯಾಗಿತ್ತು. ನಲವತ್ತೆಂಟು ಇಲಿಗಳು, ಒಂದು ಸಲ, ಅಷ್ಟೇ. ಇನ್ನೊಮ್ಮೆ ಮಾಡಿ ನೋಡೋಣ ಎನ್ನುವ ಮಾತಿಲ್ಲ.

ಆ ಒಂದು ಸಲ ನನ್ನ ಕೈಯಲ್ಲಿತ್ತು. ಯಾಕೆಂದರೆ ಫಲಿತಾಂಶ ಅಂದರೆ ಒಂದೊಂದು ಇಲಿ ಎಷ್ಟು ದಿನ ಬದುಕಿತು ಎನ್ನುವ ಲೆಕ್ಕ. ಇಲಿ ತಾನಾಗಿ ನರಳಿ ಸಾಯುವವರೆಗೆ ಬಿಡುವಂತಿಲ್ಲ; ಬಿಡಲೂಬಾರದು. ನಡಿಗೆ ವಾಲಿದರೆ, ಬೆನ್ನು ಗೂನಾಗಿ ಮೈಕೂದಲು ನಿಮಿರಿದರೆ, ಅಥವಾ ತೂಕ ಐದರಲ್ಲಿ ಒಂದು ಪಾಲು ಇಳಿದರೆ, ಅವತ್ತೇ ಅದನ್ನು ಗ್ಯಾಸಿನ ಪೆಟ್ಟಿಗೆಯಲ್ಲಿ ನೋವಿಲ್ಲದಂತೆ ಮಲಗಿಸಬೇಕು. ಆ ದಿನ ಯಾವುದು ಎಂದು ಹೇಳುವವಳು ನಾನು. ಕರುಣೆಯಿಂದ ಒಂದು ದಿನ ಹಿಂದೆ ಹಾಕಿದರೂ ಸುಳ್ಳು, ಭಯದಿಂದ ಒಂದು ದಿನ ಮುಂದೆ ತಂದರೂ ಸುಳ್ಳು. ಅದಕ್ಕೇ ಯಾವ ಇಲಿಗೆ ಔಷಧಿ, ಯಾವುದಕ್ಕೆ ಬರೀ ಸಿಹಿನೀರು ಎನ್ನುವುದು ನನಗೆ ಗೊತ್ತಾಗಬಾರದು. ಬಾಟಲಿಗಳ ಮೇಲೆ ನಂಬರಷ್ಟೇ. ಗುಟ್ಟಿದ್ದದ್ದು ಬೆಂಗಳೂರಿನ ಆಫೀಸಿನಲ್ಲಿ ಕೂತ ಒಬ್ಬ ಲೆಕ್ಕಶಾಸ್ತ್ರದವರ ಹತ್ತಿರ. ಗೆಡ್ಡೆಯ ಕೋಶಗಳಿಗೆ ಮಿಂಚುಹುಳುವಿನ ಬೆಳಕಿನ ಗುಣ ಸೇರಿಸಿರುತ್ತಾರೆ. ವಾರಕ್ಕೊಮ್ಮೆ ಇಲಿಯನ್ನು ಕತ್ತಲೆ ಪೆಟ್ಟಿಗೆಯಲ್ಲಿಟ್ಟು ಚಿತ್ರ ತೆಗೆದರೆ ತಲೆಯೊಳಗಿನ ಗೆಡ್ಡೆ ಮಿನುಗುತ್ತದೆ. ಆ ಚಿತ್ರಗಳೂ ನೇರ ಅವರಿಗೇ. ಅಕಸ್ಮಾತ್ ಪರದೆ ಕಂಡೀತೆಂದು ನಾನು ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದೆ.

ಗೆಳತಿಗೆ ಇಲಿಮನೆಯೊಳಗೆ ಪ್ರವೇಶವಿರಲಿಲ್ಲ. ದಿನಾ ಮಧ್ಯಾಹ್ನ ಊಟದ ತಟ್ಟೆ ಇಡುವ ಮುಂಚೆಯೇ ಕೇಳುತ್ತಿದ್ದಳು.

"ಹೇಗಿದಾವೆ?"

"ಇದಾವೆ."

"ಅಂದ್ರೆ?"

"ಇದಾವೆ ಅಂದ್ರೆ ಇದಾವೆ."

ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳುವಂತಿರಲಿಲ್ಲ. ಅವಳು ನನ್ನ ಮುಖ ಓದಲು ಶುರುಮಾಡಿದಳು. ನಾನು ತಲೆತಗ್ಗಿಸಿ ಸಾರು ಕಲಸಲು ಶುರುಮಾಡಿದೆ. ಒಂದು ದಿನ ತಡೆಯಲಾರದೆ, "ಎಲ್ಲರೂ ಸರಿಯಾದ ಉತ್ತರ ಬೇಕು, ಸರಿಯಾದ ಉತ್ತರ ಬೇಕು ಅಂತಾರಲ್ಲ, ನನಗೆ ಸರಿಯಾದ ಉತ್ತರ ಬೇಡ ಕಣೇ. ಒಳ್ಳೇ ಉತ್ತರ ಬೇಕು" ಅಂದಳು. ಆಮೇಲೆ ಅತ್ತಿತ್ತ ನೋಡಿ, "ಯಾರಿಗೂ ಹೇಳ್ಬೇಡ" ಅಂದಳು.

ಒಳಗೆ ನನ್ನ ಜೊತೆಗಿದ್ದವರು, ನಾವೆಲ್ಲ ಅಣ್ಣ ಎಂದು ಕರೆಯುತ್ತಿದ್ದವರು. ಇಲಿಮನೆಯ ಕೆಲಸದವರು, ಸಾಸಲು ಕಡೆಯವರು, ನಿವೃತ್ತಿಗೆ ಎರಡು ವರ್ಷವಿತ್ತು. ಬೆಳಿಗ್ಗೆ ಹೊಲಕ್ಕೆ ಒಂದು ಸುತ್ತು ಹಾಕಿ, ಮೋಟಾರ್ ಸೈಕಲ್ಲಿನಲ್ಲಿ ಬಂದು, ಸ್ನಾನ ಮಾಡಿ, ಬಿಳಿ ಬಟ್ಟೆ ತೊಟ್ಟು, ಮುಖವಾಡ ಕಟ್ಟಿ ಒಳಗೆ ಬಂದರೆಂದರೆ ನನಗಿಂತ ಶುದ್ಧ. ಪ್ರಾಣಿ ನೋಡಿಯೇ ಹೇಳುವ ಕಣ್ಣು ಅವರದು. ಅದೇ ನನಗೆ ಗಂಡಾಂತರ.

"ಡಾಕ್ಟ್ರಮ್ಮ, ಈ ಎರಡು ಪಂಜರದವು ವಸಿ ಗೆಲುವಾಗವೆ. ಆ ಕಡೇವು..."

"ಅಣ್ಣ!" ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. "ಅದೂ ಇದೂ ಹೋಲಿಸಬಾರದು ಅಂತ ಹೇಳಿಲ್ವಾ?"

"ನಾನೇನ್ ಓಲಿಸಿದ್ನಾ? ಗೆಲುವಾಗವೆ ಅಂದೆ."

"ಅನ್ಬೇಡಿ."

"ಕಣ್ಣಿಗೆ ಕಂಡದ್ದೂ ಅನ್ಬಾರ್ದಾ?"

"ಅನ್ಬಾರ್ದು."

ಅಣ್ಣ ಮುಖವಾಡದೊಳಗೇ ನಕ್ಕರು. ನಾನು ನಗಲಿಲ್ಲ. ಆ ಎರಡು ಪಂಜರಗಳ ನಂಬರು ನನ್ನ ತಲೆಗೆ ಹೊಕ್ಕಾಗಿತ್ತು. ಮರೆಯಬೇಕೆಂದು ಮನೆಯಲ್ಲಿ ಮಗ್ಗಿ ಹೇಳಿಕೊಂಡೆ. ಮರುದಿನ ಆ ಪಂಜರಗಳನ್ನು ನೋಡುವಾಗ ಹೆಚ್ಚು ಹೊತ್ತು ನೋಡಿದೆನೇ, ಕಮ್ಮಿ ಹೊತ್ತು ನೋಡಿದೆನೇ ಎಂದು ಗಡಿಯಾರ ಹಿಡಿದು ಪ್ರತಿ ಪಂಜರಕ್ಕೂ ಸಮ ಹೊತ್ತು ಕೊಟ್ಟೆ. ಹೀಗೆ ಪ್ರಾಮಾಣಿಕಳಾಗಿರಲು ಹೋಗಿ ಎರಡು ಗಂಟೆಯ ಕೆಲಸ ಮೂರೂವರೆ ಗಂಟೆಯಾಯಿತು.

ಮೂರನೇ ವಾರದಿಂದ ಇಲಿಗಳು ಹೋಗತೊಡಗಿದವು. ದಿನಕ್ಕೊಂದು, ಕೆಲವು ದಿನ ಎರಡು. ಅಣ್ಣ ಅದಕ್ಕೆ 'ಕಳಿಸ್ಕೊಡೋದು' ಅನ್ನುತ್ತಿದ್ದರು. ನಾನು ಪುಸ್ತಕದಲ್ಲಿ ನಂಬರು, ದಿನ, ಕಾರಣ ಬರೆದು ಸಹಿ ಹಾಕುತ್ತಿದ್ದೆ. ಪ್ರತಿ ಸಹಿಗೂ ಅದೇ ಪ್ರಶ್ನೆ: ಇವತ್ತೇನಾ? ನಾಳೆ ಆಗಿದ್ದರೆ? ಈ ಒಂದು ದಿನ ಅವಳ ಒಂಬತ್ತು ವರ್ಷದ ಯಾವ ಕಡೆಗೆ ಬೀಳುತ್ತದೆ?

ಹೀಗಿರುವಾಗ ದಸರೆ ಬಂತು. ಆಯುಧಪೂಜೆಯ ಹಿಂದಿನ ದಿನ ಅಣ್ಣ ಕೈ ಕಟ್ಟಿಕೊಂಡು ಬಾಗಿಲ ಹತ್ತಿರ ನಿಂತರು.

"ನಾಳೆ ಪೂಜೆ, ಡಾಕ್ಟ್ರಮ್ಮ."

"ಗೊತ್ತು ಅಣ್ಣ."

"ಎಲ್ಲಾ ಡಿಪಾರ್ಟ್‌ಮೆಂಟ್ನೋರೂ ಮಾಡ್ತಾವ್ರೆ. ಜನರೇಟರ್‌ಗೂ ಬಾಳೆಕಂಬ ಕಟ್ಟವ್ರೆ."

"ಕಟ್ಲಿ, ಒಳ್ಳೇದು."

"ನಮ್ದು?"

"ನಮ್ದು ಇಲ್ಲ." ಹೂವಿನಲ್ಲಿ ಹುಳು ಬರುತ್ತದೆ, ಊದುಬತ್ತಿ ಹೊಗೆ ಇಲಿಯ ಮೂಗಿಗೆ ಆಗದು ಎಂದೆಲ್ಲ ಹೇಳಿದೆ. ಅರಿಶಿನ ಕ್ಯಾನ್ಸರಿಗೆ ಮದ್ದೆಂದು ದಿನಾ ಬೆಳಿಗ್ಗೆ ನನ್ನ ಫೋನಿಗೆ ಯಾರಾದರೂ ಕಳಿಸುತ್ತಾರೆ. ಸಿಹಿನೀರಿನ ಗುಂಪಿನ ಇಲಿಯೊಂದು ಅದನ್ನು ನೆಕ್ಕಿ ಬದುಕಿಬಿಟ್ಟರೆ ನನ್ನ ಗತಿಯೇನು ಎಂದೂ ಹೇಳಿದೆ.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ವರ್ಸಕ್ಕೊಂದ್ ದಪ ಕಣಮ್ಮ. ಅನ್ನ ಕೊಡೋ ಸಾಮಾನು. ಅದ್ರಲ್ಲೂ ನಾವು ದಿನಾ ಮಾಡೋ ಕೆಲಸ ಎಂಥದ್ದು ನೋಡಿ. ಒಂದಕ್ಕೂ ಕೈ ಮುಗೀದೆ ನಾಡಿದ್ದು ಮತ್ತೆ ಆ ಪೆಟ್ಟಿಗೆ ಮುಚ್ಚಳ ತೆಗೆಯೋಕೆ ನಂಗಾಗಕಿಲ್ಲ" ಅಂದರು.

ಸಾಯಂಕಾಲ ಕೂತು ನಮ್ಮ ಸಾಮಾನುಗಳನ್ನು ಒಂದೊಂದಾಗಿ ಯೋಚಿಸಿದೆ. ಸಿರಿಂಜು ಆಗದು. ನಳಿಗೆ ಆಗದು. ಪಂಜರ ಸಾಧ್ಯವೇ ಇಲ್ಲ. ತಕ್ಕಡಿಯಲ್ಲಿ ಸಂದುಗೊಂದು ಜಾಸ್ತಿ. ಕೊನೆಗೆ ಕಣ್ಣಿಗೆ ಬಿದ್ದದ್ದು ತಕ್ಕಡಿಯನ್ನು ಪರೀಕ್ಷಿಸಲೆಂದು ಅದರ ಜೊತೆಗಿದ್ದ ಐವತ್ತು ಗ್ರಾಮಿನ ಉಕ್ಕಿನ ಬಟ್ಟು. ಗಟ್ಟಿ ಲೋಹ, ನುಣುಪು ಮೈ, ಸ್ಪಿರಿಟ್ಟಿನಲ್ಲಿ ಒರೆಸಿದರೆ ಒಂದು ಕ್ರಿಮಿ ಉಳಿಯದು. ಅದನ್ನು ಹೊರಬಾಗಿಲಾಚೆ ಸ್ಟೂಲಿನ ಮೇಲಿಟ್ಟು ಪೂಜೆ ಮಾಡಿ, ಮೂರು ಸಲ ಸ್ಪಿರಿಟ್ಟಿನಲ್ಲಿ ಒರೆಸಿ ಒಳಗೆ ತರಬಹುದು ಎಂದೆ. ಇಡೀ ಇಲಿಮನೆಯಲ್ಲಿ ಅಪಾಯವೇ ಇಲ್ಲದ ಒಂದೇ ಒಂದು ವಸ್ತುವನ್ನು ಹುಡುಕಿ ತೆಗೆದ ಹೆಮ್ಮೆ ನನಗೆ.

ಪೂಜೆ ಚೆನ್ನಾಗಿಯೇ ನಡೆಯಿತು. ಬಟ್ಟಿಗೆ ಗಂಧ, ಕುಂಕುಮ, ತಲೆಯ ಮೇಲೆ ಒಂದೇ ಒಂದು ಸೇವಂತಿಗೆ. ಹೊರಗೆ ಕುಂಬಳಕಾಯಿ ಒಡೆದರು. ನಾನೂ ಕೈ ಮುಗಿದೆ, ಕಡ್ಲೆಪುರಿ ತಿಂದೆ, ಕೈಯನ್ನು ಆರು ಸಲ ತೊಳೆದೆ. ಅಣ್ಣ ಬಟ್ಟನ್ನು ನನ್ನ ಕಣ್ಣೆದುರೇ ಮೂರು ಸಲ ಒರೆಸಿದರು. ಹತ್ತಿಗೆ ಬಣ್ಣ ಹತ್ತುವುದು ನಿಂತ ಮೇಲೆ ನಾನೇ ಒಳಗೊಯ್ದೆ.

ಮರುದಿನ ಮೂವತ್ತೊಂದನೇ ನಂಬರಿನ ಇಲಿ.

ಅದರ ಶುರುವಿನ ತೂಕ ಸರಿಯಾಗಿ ಇಪ್ಪತ್ತು ಗ್ರಾಂ. ಅಂದರೆ ಅದರ ಗೆರೆ ಹದಿನಾರು. ಹದಿನಾರಕ್ಕಿಂತ ಕೆಳಗಿಳಿದ ದಿನವೇ ಕೊನೆಯ ದಿನ. ಮೂರು ದಿನದಿಂದ ಅದು ಇಳಿಯುತ್ತಿತ್ತು: ಹದಿನೇಳಕ್ಕೆ ಸ್ವಲ್ಪ ಮೇಲೆ, ಹದಿನಾರೂ ಮುಕ್ಕಾಲು, ಹದಿನಾರೂ ಕಾಲು. ಅವತ್ತು ತಕ್ಕಡಿಯ ಮೇಲಿಟ್ಟೆ. 15.99.

ತೆಗೆದೆ. ತಟ್ಟೆ ಒರೆಸಿದೆ. ಸೊನ್ನೆಗೆ ತಂದೆ. ಮತ್ತೆ ಇಟ್ಟೆ. 15.99.

ಅಣ್ಣ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದರು. ಇಲಿ ಹಿಂಗಾಲ ಮೇಲೆ ಕೂತು ಮುಖ ತೊಳೆದುಕೊಳ್ಳುತ್ತಿತ್ತು. ನಡಿಗೆ ನೆಟ್ಟಗಿತ್ತು. ಕಣ್ಣು ತೆರೆದಿತ್ತು.

"ಓಡಾಡ್ತೈತಲ್ಲಮ್ಮ ಇನ್ನೂವೆ" ಅಂದರು.

"ಹೂಂ."

"ಒಂದು ಕೂದ್ಲೆಳೆ ತೂಕ ಅದು. ಒಂದು ಹಿಕ್ಕೆ ಹಾಕಿದ್ರೂ ಅಷ್ಟಾಯ್ತದೆ. ನಾಳೆ ನೋಡುವ."

ನನಗೂ ಬೇಕಾಗಿದ್ದದ್ದು ಆ ಮಾತೇ. ಆದರೆ ಆಗಲೇ ಇನ್ನೊಂದು ಯೋಚನೆ ಬಂತು. ಈ ಇಲಿ ಯಾವ ಪಂಜರದ್ದು? ಅಣ್ಣ ಅವತ್ತು ಗೆಲುವಾಗಿವೆ ಎಂದದ್ದರಲ್ಲಿ ಒಂದಲ್ಲವೇ? ಇದಕ್ಕೆ ಔಷಧಿ ಸಿಗುತ್ತಿದೆ ಎಂದು ಊಹಿಸಿಕೊಂಡೇ ನಾನು ನಾಳೆಗೆ ತಳ್ಳಲು ನೋಡುತ್ತಿದ್ದೇನಲ್ಲವೇ? ಕ್ಯಾಂಟೀನಿನಲ್ಲಿ ತಲೆತಗ್ಗಿಸಿ ಸಾರು ಕಲಸಿದವಳು ಇಲ್ಲಿ ತಕ್ಕಡಿಯ ಮುಂದೆ ಗೆಳತಿಗಾಗಿ ಒಂದು ದಿನ ಕದಿಯಲು ಹೊರಟಿದ್ದೇನಲ್ಲವೇ? ಇನ್ನೊಮ್ಮೆ ತೂಗಿದೆ. ಅದೇ ಅಂಕಿ. ಬೆಳಿಗ್ಗೆ ತಕ್ಕಡಿ ಸರಿಯಿದೆ ಎಂದು ಪರೀಕ್ಷಿಸಿ ಪುಸ್ತಕದಲ್ಲಿ ಸಹಿ ಹಾಕಿದ್ದವಳೂ ನಾನೇ. ನಂಬದಿರಲು ಕಾರಣವಿರಲಿಲ್ಲ.

"ಗೆರೆ ಅಂದ್ರೆ ಗೆರೆ, ಅಣ್ಣ" ಅಂದೆ. "ಪೆಟ್ಟಿಗೆ ತನ್ನಿ."

ಅವರು ತಂದರು. ಮುಚ್ಚಳ ಮುಚ್ಚುವ ಮುಂಚೆ ಇಲಿಯ ಬೆನ್ನನ್ನು ಒಂದು ಬೆರಳಿಂದ ಸವರಿದರು. ಕಾರಣದ ಕಾಲಮ್ಮಿನಲ್ಲಿ 'ತೂಕ ಮಾತ್ರ' ಎಂದು ಬರೆದು ಸಹಿ ಹಾಕಿದೆ. ಅವತ್ತು ಮನೆಗೆ ಹೋಗುವಾಗ ವ್ಯಾನಿನ ಕಿಟಕಿಗೆ ತಲೆಯಾನಿಸಿ, ಎಷ್ಟೋ ತಿಂಗಳ ಮೇಲೆ ನಿರಾಳವಾಗಿ ನಿದ್ದೆಮಾಡಿದೆ. ಕರುಳು ಹೇಳಿದ್ದನ್ನು ಕೇಳದೆ ತಕ್ಕಡಿ ಹೇಳಿದ್ದನ್ನು ಕೇಳಿದೆನಲ್ಲ, ಇನ್ನು ಈ ಅಧ್ಯಯನ ನನ್ನ ಕೈಯಲ್ಲಿ ಕೆಡುವುದಿಲ್ಲ ಎನ್ನಿಸಿತ್ತು.

ಕೊನೆಯ ಇಲಿಯೂ ಹೋದ ಮೇಲೆ ಬೆಂಗಳೂರಿನಿಂದ ಲೆಕ್ಕಶಾಸ್ತ್ರದವರು ಗುಟ್ಟಿನ ಪಟ್ಟಿ ತಂದರು. ಮೀಟಿಂಗ್ ರೂಮಿನ ಪರದೆಯ ಮೇಲೆ ಎರಡು ಗೆರೆ ಮೂಡಿದವು. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಗೆರೆಗಳು. ಒಂದೊಂದು ಮೆಟ್ಟಿಲೂ ನಾವು ಕಳಿಸಿಕೊಟ್ಟ ಒಂದು ಇಲಿ. ಒಂದು ಸಾಲು ದಬದಬ ಇಳಿದು ನೆಲ ಮುಟ್ಟಿತು. ಇನ್ನೊಂದು, ಔಷಧಿಯದು, ಅದಕ್ಕಿಂತ ಬಲಗಡೆಗೆ ಸರಿದು, ಸಾವಧಾನವಾಗಿ ಇಳಿಯಿತು. ನಡುವಿನ ಅಂತರ ಹನ್ನೊಂದು ದಿನ. ಗೆಡ್ಡೆ ವಾಸಿಯಾಗಿರಲಿಲ್ಲ. ಆದರೆ ಕಡುಬು ಬಾಗಿಲು ದಾಟಿ ಒಳಗೆ ಹೋಗಿತ್ತು.

ಗೆಳತಿ ಕುರ್ಚಿಯಿಂದ ಏಳಲಿಲ್ಲ. ಬಾಟಲಿಯ ನೀರನ್ನೆಲ್ಲ ಕುಡಿದು ಮುಗಿಸಿ, "ಹನ್ನೊಂದು ದಿನ. ಇಲಿಗೆ" ಅಂದಳು.

"ಇಲಿ ಲೆಕ್ಕದಲ್ಲಿ ಕಮ್ಮಿ ಅಲ್ಲ ಬಿಡು" ಅಂದೆ.

"ಮುಲಾಮು ಅರೆಯೋದು ತಪ್ತಲ್ಲೇ" ಅಂದಳು. ಆಮೇಲೆ ಕಣ್ಣೊರೆಸಿಕೊಂಡಳು. ಮಿದುಳಿನ ಕೆಲಸ ಮುಂದುವರಿಯುತ್ತದೆ ಎಂದು ಮೇಲಿನವರು ಅಲ್ಲೇ ಹೇಳಿದರು.

ಒಂದು ವಾರದ ನಂತರ ಗುಣಮಟ್ಟ ವಿಭಾಗದವರು ವರ್ಷದ ತಪಾಸಣೆಗೆಂದು ತಮ್ಮ ಅಸಲಿ ಬಟ್ಟುಗಳ ಪೆಟ್ಟಿಗೆ ಹಿಡಿದು ಬಂದರು. ಸಣ್ಣ ಮೀಸೆಯ, ಯಾವತ್ತೂ ನಗದ ಮನುಷ್ಯ. ಸ್ವಲ್ಪ ಹೊತ್ತಾದ ಮೇಲೆ ಕರೆದರು.

"ಮೇಡಂ, ನಿಮ್ಮ ಐವತ್ತು ಗ್ರಾಂ, ಐವತ್ತಿಲ್ಲ."

"ಸವೆದಿದೆಯಾ?"

"ಇಲ್ಲ ಮೇಡಂ. ಬೆಳೆದಿದೆ."

ಬಟ್ಟನ್ನು ತಲೆಕೆಳಗು ಮಾಡಿ ತೋರಿಸಿದರು. ತಳದಲ್ಲಿ ಒಂದು ಸಣ್ಣ ಗುಳಿ. ಬಟ್ಟಿಗೆ ಅಂಥದ್ದೊಂದು ಗುಳಿ ಇರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು. ಹಲ್ಲುಕಡ್ಡಿಯಿಂದ ಕೆದಕಿದರು. ಒಣಗಿದ ಗಂಧ, ಕುಂಕುಮ ಮೆತ್ತಿಕೊಂಡದ್ದು, ಪುಡಿಪುಡಿಯಾಗಿ ಬಿಳಿ ಕಾಗದದ ಮೇಲೆ ಉದುರಿತು. ಒಂದು ಗ್ರಾಮಿನ ನೂರರಲ್ಲಿ ಆರು ಪಾಲು.

ಅಷ್ಟು ಸಾಕಾಗಿತ್ತು. ದಿನಾ ಬೆಳಿಗ್ಗೆ ಆ ಬಟ್ಟನ್ನಿಟ್ಟೇ ನಾವು ತಕ್ಕಡಿಗೆ 'ನೋಡು, ಐವತ್ತು ಅಂದರೆ ಇಷ್ಟು' ಎಂದು ಕಲಿಸುತ್ತಿದ್ದದ್ದು. ಬಟ್ಟು ಭಾರವಾದರೆ ತಕ್ಕಡಿ ಉಳಿದ ಎಲ್ಲವನ್ನೂ ಕೂದಲೆಳೆಯಷ್ಟು ಹಗುರ ಎನ್ನುತ್ತದೆ. ನಾನು ಪಶುವೈದ್ಯೆ, ಪೂಜೆಯ ಹಿಂದಿನ ದಿನ ಕೂತು ಎಣಿಸಿದ್ದೆಲ್ಲ ಕ್ರಿಮಿಯ ಭಯ. ಗ್ರಾಮಿನ ಭಯ ನನ್ನ ತಲೆಗೇ ಬಂದಿರಲಿಲ್ಲ.

ಗೆಳತಿಯೂ ನಾನೂ ಮಧ್ಯಾಹ್ನವೆಲ್ಲ ಕೂತು, ಪೂಜೆಯ ನಂತರದ ಪ್ರತಿ ತೂಕವನ್ನೂ ತಿದ್ದಿ ನೋಡಿದೆವು. ಉಳಿದ ಇಲಿಗಳಿಗೆಲ್ಲ ನಡಿಗೆಯದ್ದೋ ಬೆನ್ನಿನದ್ದೋ ಬೇರೆ ಕಾರಣವಿತ್ತು, ಇಲ್ಲವೇ ತೂಕ ಗೆರೆಯಿಂದ ಬಹಳ ಕೆಳಗಿತ್ತು. ಒಂದರ ತೀರ್ಮಾನ ಮಾತ್ರ ಬದಲಾಗುತ್ತಿತ್ತು. ಅದರ ನಿಜವಾದ ತೂಕ ಅವತ್ತು 16.01.

"ಔಷಧಿ ಗುಂಪಿನದ್ದೇ ಕಣೇ" ಅಂದಳು ಪಟ್ಟಿ ನೋಡಿ. "ಹನ್ನೊಂದು ಹನ್ನೊಂದೇ ಇರುತ್ತೆ, ಅದೇನೂ ಅಲ್ಲಾಡಲ್ಲ. ಮಾರನೇ ದಿನ ಹೇಗೂ ಗೆರೆ ದಾಟ್ತಿತ್ತು."

"ದಾಟ್ತಿತ್ತೇನೋ."

"ನನ್ನ ಕಡೆ ವಾಲಬಾರದು ಅಂತ ಅಷ್ಟು ಒದ್ದಾಡಿದೆಯಲ್ಲ, ನೋಡು, ಎದುರು ಕಡೆಗೇ ವಾಲಿಬಿಟ್ಟೆ" ಎಂದು ನಗಲು ನೋಡಿದಳು. ನನ್ನ ಮುಖ ಕಂಡು ನಿಲ್ಲಿಸಿದಳು.

ಅಣ್ಣನಿಗೂ ಹೇಳಿದೆ. ಹೇಳದೆ ಇರುವುದು ಇನ್ನೂ ಕೆಟ್ಟದಾಗಿತ್ತು.

"ಒರೆಸಿದ್ನಲ್ಲಮ್ಮ, ಮೂರು ದಪ. ನೀವೂ ಇದ್ರಿ."

"ಇದ್ದೆ. ತಳ ತಿರುಗಿಸಿ ನೋಡಿ ಅಂತ ನಾನೂ ಹೇಳ್ಲಿಲ್ಲ."

"ನೆತ್ತಿಗೊಂದು, ಪಾದಕ್ಕೊಂದು ಬೊಟ್ಟು ಇಕ್ಕಿದ್ದೆ" ಅಂದರು. ಬಹಳ ಹೊತ್ತು ಕೈಗವಸು ಬಿಚ್ಚುತ್ತಲೇ ಇದ್ದರು.

ತಪ್ಪಾದರೆ ತುಂಬುವ ಫಾರಂ ಒಂದಿದೆ. ಕಾರಣದ ಜಾಗದಲ್ಲಿ 'ಹೊರಗಿನ ವಸ್ತು ಅಂಟಿಕೊಂಡಿತ್ತು ಅಂತ ಹಾಕಿ ಮೇಡಂ, ಸಾಕು' ಎಂದರು ಮೀಸೆಯವರು. ನಾನು 'ಪೂಜೆಯ ಗಂಧ, ಕುಂಕುಮ. ಅನುಮತಿ ನನ್ನದು' ಎಂದು ಬರೆದೆ. ಅದರ ಕೆಳಗೆ, ಇದರಿಂದ ಏನಾಯಿತು ಎಂದು ಕೇಳುವ ಸಾಲಿತ್ತು. ಅಲ್ಲಿ ಹೆಚ್ಚು ಜಾಗವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬರೆದೆ: ಮೂವತ್ತೊಂದನೇ ಇಲಿ, ಒಂದು ದಿನ ಮುಂಚೆ.